ಕೋಟೆ ಕಟ್ಟದ ರಾಜ

ಹುಮನಾಬಾದ ತಾಲ್ಲೂಕಿನ ಘಾಟಬೋರಾಳ. ತೊಗರಿ ರಾಶಿ ಮುಗಿದ ಮೇಲಿನ ಬಿಡುವು. ಮಾತಾಡುವವರು ಇಬ್ಬರು: ಊರ ಕಟ್ಟೆಯ ಮೇಲೆ ಹಳೇ ಪದ್ಧತಿಯ ಶತರಂಜ್ ಆಡಿ ಬೆಳೆದ ರೈತ, ಹುಮನಾಬಾದಿನಲ್ಲಿ ಮಕ್ಕಳಿಗೆ ಚೆಸ್ ಕಲಿಸುವ, ಅವರ ಅಣ್ಣನ ಮಗಳು. ನಡುವೆ ಬೋರ್ಡು.

ಕಾಕಾ: ನೀ ಮಕ್ಕಳಿಗಿ ಆಟ ಬಾಯಿಪಾಠ ಮಾಡಸ್ಲತೀ ಅಂತ ಕೇಳಿದೆ. ಶುರುವಿನ ಹದಿನಾಲ್ಕು ನಡಿ ಉರು ಹೊಡೀಬೇಕಂತ. ಖರೇ ಏನವ್ವಾ?

ಮಗಳು: ಉರು ಹೊಡೀರಿ ಅಂದಿಲ್ಲ ಕಾಕಾ. ಆ ಹದಿನಾಲ್ಕು ನಡಿ ಮನಿಯಾಗ ಕೂತು ನೋಡಿಟ್ಟು ಬರ್ರಿ ಅಂದೀನಿ. ಒಂದೊಂದು ನಡಿ ಯಾಕ ಅಂತ ಕೇಳಿದ್ರ ಹೇಳ್ಲಿಕ್ಕ ಬರಬೇಕು.

ಕಾಕಾ: ಎರಡೂ ಒಂದೇ. ನಮ್ಮ ಕಟ್ಟಿ ಮ್ಯಾಲ ಯಾರೂ ನೋಡಿಟ್ಟು ಬರ್ತಿದ್ದಿಲ್ಲ. ಬೋರ್ಡು ಹಾಸಿದ ಮ್ಯಾಲೇ ತೆಲಿ ಓಡಸ್ತಿದ್ದೆವು. ಮೊದಲಿನ ಹತ್ತು ನಡಿ ಅಂತೂ ಜಗಳೇ ಇರ್ತಿದ್ದಿಲ್ಲ. ಅವನ ಮನಿ ಅವ ಕಟ್ಟಿಕೋತಿದ್ದ, ನನ್ನ ಮನಿ ನಾ ಕಟ್ಟಿಕೋತಿದ್ದೆ.

ಮಗಳು: ಅದಕ್ಕ ಕಾರಣ ನಿಮ್ಮ ಪ್ಯಾದಾ. ನಿಮ್ಮ ಪದ್ಧತ್ಯಾಗ ಪ್ಯಾದಾ ಮೊದಲ ಸಲನೂ ಒಂದೇ ಮನಿ ನಡೀತದ. ಎರಡು ಸೈನ್ಯ ಎದುರುಬದುರು ಮುಟ್ಟಬೇಕಂದ್ರ ಭಾಳ ಹೊತ್ತು ಬೇಕು. ಈಗಿನ ನಿಯಮದಾಗ ಎರಡು ಮನಿ ಜಿಗೀಬಹುದು. ಮೊದಲನೇ ನಡಿಯಾಗೇ ಇಬ್ಬರ ಪ್ಯಾದಾ ನಡು ಬಯಲಾಗ ಮೂತಿಗಿ ಮೂತಿ ಹಚ್ಚಿ ನಿಲ್ತಾವ. ಜಗಳ ಅಲ್ಲೇ ಶುರು. ಮನಿ ಕಟ್ಟಿಕೊಳ್ಳೋತನಕ ಎದುರಿನವ ಕಾಯಂಗಿಲ್ಲ.

ಕಾಕಾ: ರಾಜನ ಗತಿ? ನಮ್ಮ ರಾಜಗ ಒಂದ್ಸಲ ಕುದುರಿ ಹಂಗ ಜಿಗಿಯೋ ಹಕ್ಕದ, ಅದಕ್ಕ ಮೊದಲು ಶಹ ಬಿದ್ದಿರಬಾರದು ಅಷ್ಟೇ. ಅವ ತನ್ನ ಜಾಗಾ ತಾನೇ ಹುಡುಕ್ಕೋತಾನ.

ಮಗಳು: ಈಗ ಕೋಟೆ ಕಟ್ಟೋದು ಅಂತದ. ರಾಜನೂ ಆನಿನೂ ಒಂದೇ ನಡಿಯಾಗ ಜಾಗಾ ಬದಲಿ ಮಾಡಿ, ರಾಜ ಮೂಲೀಗಿ ಹೋಗ್ತಾನ. ಹೊಸಬರಿಗಿ ಮೊದಲು ಕಲಿಸೋದೇ ಅದು, ಲಗೂನ ಕೋಟೆ ಕಟ್ಟು ಅಂತ. ಇವತ್ತು ನಾ ನಿಮಗ ತೋರಸೋ ಆಟದಾಗ ಕರೀ ರಾಜ ಕಡೀತನಕ ಕೋಟೆ ಕಟ್ಟಲಿಲ್ಲ. ಎದುರಿದ್ದವರು ವ್ಲಾದಿಮಿರ್ ಕ್ರಾಮ್ನಿಕ್. 2000ದಾಗ ಕಾಸ್ಪರೋವನ್ನೇ ಸೋಲಿಸಿ ಪಟ್ಟ ತಗೊಂಡವರು. ಕರೀ ಕಾಯಿ ಹಿಡಿದವರು ಆಗಿನ ಚಾಂಪಿಯನ್ ವಿಶ್ವನಾಥನ್ ಆನಂದ್. ಜರ್ಮನಿಯ ಬಾನ್ ಊರು, 2008ರ ಅಕ್ಟೋಬರ್ 17, ವಿಶ್ವ ಚಾಂಪಿಯನ್ ಪಂದ್ಯದ ಮೂರನೇ ಆಟ. ಮೊದಲಿನ ಎರಡು ಸಮ ಆಗಿದ್ದವು.

ಕಾಕಾ: ಇಡು ನೋಡೋಣ.

ಮಗಳು: ಎರಡೂ ಕಡಿ ವಜೀರನ ಮುಂದಿನ ಪ್ಯಾದಾ ಎರಡೆರಡು ಮನಿ. ಬಿಳಿ ಬಾಜೂದಾಗ ಇನ್ನೊಂದು ಪ್ಯಾದಾ ತಂದು ಸವಾಲು ಹಾಕ್ತು, ಕರೀ ಅದಕ್ಕ ಊರುಗೋಲು ಕೊಡ್ತು. ಹಿಂಗ ನಡೀತಾ ನಡೀತಾ ಆರನೇ ನಡಿಗಿ ಕರೀ ಆ ಸವಾಲಿನ ಪ್ಯಾದಾ ಹೊಡೀತು. ಈ ದಾರೀಗಿ ಮೆರಾನ್ ಅಂತ ಹೆಸರು. ಇಟಲಿಯ ಮೆರಾನೋ ಊರಾಗ 1924ರಾಗ ನಡೆದ ಟೂರ್ನಿಯಾಗ ರುಬಿನ್‌ಸ್ಟೈನ್ ಈ ದಾರಿ ಹಿಡಿದು ಎರ್ನ್‌ಸ್ಟ್ ಗ್ರ್ಯೂನ್‌ಫೆಲ್ಡನ್ನ ಸೋಲಿಸಿದ್ರು. ಟೂರ್ನಿ ಮಾತ್ರ ಗ್ರ್ಯೂನ್‌ಫೆಲ್ಡೇ ಗೆದ್ದ. ಆ ಹೆಸರು ನೆನಪಿಡ್ರಿ, ಆಮ್ಯಾಲ ಬರ್ತದ. ಈಗ ಹತ್ತನೇ ನಡಿ. ಬಿಳಿ ಇ5ಕ್ಕ ಪ್ಯಾದಾ ನೂಕಿ ಕುದುರೀನ್ನ ಬೆದರಿಸ್ತದ. ಕರೀ ಕುದುರಿ ಓಡಂಗಿಲ್ಲ, ಕರೀ ಪ್ಯಾದಾ ಡಿ4 ಪ್ಯಾದಾ ಹೊಡೀತದ. ಬಿಳಿ ಕುದುರಿ ಬಿ5 ಪ್ಯಾದಾ ತಿಂತದ, ಕರೀ ಪ್ಯಾದಾ ಆ ಕುದುರಿ ತಿಂತದ, ಬಿಳಿ ಪ್ಯಾದಾ ಎಫ್6ರ ಕುದುರಿ ತಿಂತದ, ಕರೀ ಜಿ ಪ್ಯಾದಾ ಅದನ್ನ ತಿಂತದ.

ಕಾಕಾ: ತಡಿ ತಡಿ. ಹನ್ನೆರಡು ನಡಿಯಾಗ ಎರಡು ಕುದುರಿ ಹೋದವು. ಕರೀ ರಾಜನ ಬಲಗಡಿ ಪೂರಾ ಬಯಲು. ಜಿ ಸಾಲಿನ್ಯಾಗ ಕರೀ ಪ್ಯಾದಾನೇ ಇಲ್ಲ.

ಮಗಳು: ಅದೇ ಬಯಲು ಕರೀ ಆನಿಗಿ ರಸ್ತಾ. ಒಂದೇ ಜಾಗಾ ಇಬ್ಬರ ಕಣ್ಣೀಗಿ ಎರಡು ಥರ ಕಾಣ್ತದ. ಬಿಳಿ ಕಡಿಯಿಂದ ನೋಡಿದ್ರ ರಾಜಗ ಮರಿ ಇಲ್ಲ. ಕರೀ ಕಡಿಯಿಂದ ನೋಡಿದ್ರ ಬಿಳಿ ರಾಜನ ಬಾಗಲಿಗಿ ನೇರ ದಾರಿ. ಬಿಳಿ ಕೋಟೆ ಕಟ್ತು, ಕರೀ ವಜೀರ ಬಿ6ಕ್ಕ ಬಂದ. ಬಿಳಿ ವಜೀರ ಇ2ಕ್ಕ ಬಂದು ಬಿ5ರ ಪ್ಯಾದಾ ಮ್ಯಾಲ ಕಣ್ಣು ಹಾಕ್ದ. ಹದಿನಾಲ್ಕನೇ ನಡಿ ನಿಮ್ಮದು. ಏನು ಮಾಡ್ತೀರಿ?

ಕಾಕಾ: ಮಾಡೋದೇನು, ಪ್ಯಾದಾ ಕಾಯ್ತೀನಿ. ಒಂಟೀನ್ನ ಎ6ಕ್ಕ ಇಡ್ತೀನಿ.

ಮಗಳು: ಭಾಳ ಮಂದಿ ಹಂಗೇ ಯೋಚಿಸ್ತಾರ. ಆನಂದ್ ಒಂಟೀನ್ನ ಬಿ7ಕ್ಕ ಇಟ್ರು. ಪ್ಯಾದಾ ಬಿಟ್ಟುಕೊಟ್ರು. ಕ್ರಾಮ್ನಿಕ್ ಒಂಟಿಯಿಂದ ಅದನ್ನ ತಿಂದ್ರು. ಈಗ ನೋಡ್ರಿ, ಆ ಬಿಳಿ ಒಂಟಿ ಕರೀ ಕುದುರೀನ್ನ ರಾಜನ ಮುಂದ ಕಟ್ಟಿಹಾಕ್ಯದ. ಕುದುರಿ ಅಲುಗಾಡಿದ್ರ ರಾಜಗ ಶಹ. ರಾಜ ನಡುಮನಿಯಾಗೇ ನಿಂತಾನ.

ಕಾಕಾ: ಪ್ಯಾದಾ ಹೋತು, ಕುದುರಿ ಕಟ್ಟಿಬಿತ್ತು, ರಾಜ ಬಯಲಾಗ. ಇದಕ್ಕ ಧೈರ್ಯ ಅನ್ಲೇನು, ಜೂಜು ಅನ್ಲೇನು?

ಮಗಳು: ಅದೇ ನಾ ನಿಮಗ ಹೇಳಬೇಕಾದ ಮಾತು ಕಾಕಾ. ಆ ಧೈರ್ಯ ಬೋರ್ಡಿನ ಮುಂದ ಹುಟ್ಟಿದ್ದಲ್ಲ. ತಿಂಗಳುಗಟ್ಟಲೆ ಮೊದಲೇ, ತಪ್ಪಿದ್ರೂ ಯಾರೂ ಗುಣಾ ಕಳೀದಂಥ ಕ್ವಾಣಿಯಾಗ ಹುಟ್ಟಿದ್ದು. ಈ ಪ್ಯಾದಾ ಕೊಟ್ರ ನಂಗೇನು ಸಿಗ್ತದ, ಎದುರಿನವ ಹಿಂಗ ಬಂದ್ರೇನು, ಹಂಗ ಬಂದ್ರೇನು ಅಂತ ನೂರು ಸಲ ಮುರಿದು ಕಟ್ಟಿ ನೋಡಿದ ಮ್ಯಾಲ ಬಂದದ್ದು. ಪೀಟರ್ ಹೈನೆ ನೀಲ್ಸನ್, ರುಸ್ತಂ ಕಾಸಿಂಜಾನೋವ್, ರಾಡೋಸ್ಲಾವ್ ವೊಯ್ಟಾಸೆಕ್, ನಮ್ಮ ಕೋಲ್ಕತಾದ ಸೂರ್ಯಶೇಖರ ಗಂಗೂಲಿ, ನಾಲ್ಕು ಮಂದಿ ಗ್ರ್ಯಾಂಡ್‌ಮಾಸ್ಟರ್‌ಗಳು ಅವರ ಜೋಡಿ ಕೂತಿದ್ರು. ಕಂಪ್ಯೂಟರ್ ಬ್ಯಾರೆ.

ಕಾಕಾ: ಹಂಗಾದ್ರ ಆಡಿದ್ದು ಐದು ಮಂದಿ ಒಂದು ಯಂತ್ರ. ಕ್ರಾಮ್ನಿಕ್ ಒಬ್ಬನೇ.

ಮಗಳು: ಅವರ ಹಿಂದನೂ ತಂಡ ಇತ್ತು. ಮತ್ತ ಜಾತ್ರಿ ಕುಸ್ತ್ಯಾಗ ಪೈಲ್ವಾನ ಹಾಕೋ ಪಟ್ಟು ಆ ಕ್ಷಣದಾಗ ಹೊಳೆದದ್ದೇನು? ಉಸ್ತಾದ ವರ್ಷಗಟ್ಟಲೆ ತಾಲೀಮಿನ್ಯಾಗ ಹಾಕಿಸಿದ್ದು. ಮಣ್ಣಿಗಿ ಇಳಿದ ಮ್ಯಾಲ ಉಸ್ತಾದನ ಕೈ ಅಲ್ಲಿ ಬರಂಗಿಲ್ಲ.

ಕಾಕಾ: ಅದೊಂದು ಒಪ್ಪಿದೆ. ಮುಂದ ನಡಸು.

ಮಗಳು: ಇಲ್ಲಿಂದ ಕ್ರಾಮ್ನಿಕ್ ಬೋರ್ಡಿನ ಮುಂದ ಕೂತೇ ಯೋಚಿಸಬೇಕಾತು. ಮೊದಲ 40 ನಡಿಗಿ ಒಬ್ಬೊಬ್ಬರಿಗಿ 2 ತಾಸು, ಅಷ್ಟೇ. ಒಬ್ಬರಿಗಿ ಗೊತ್ತಿದ್ದ ಊರು, ಇನ್ನೊಬ್ಬರಿಗಿ ಕತ್ತಲ. ಗಡಿಯಾರ ಇಬ್ಬರಿಗೂ ಒಂದೇ. ಕರೀ ಒಂಟಿ ಡಿ6ಕ್ಕ ಬಂತು, ಆನಿ ಜಿ8ಕ್ಕ ಬಂತು, ಬಿಳಿ ಜಿ ಪ್ಯಾದಾ ಒಂದು ಮನಿ ಮುಂದ ಹಾಕಿ ಬಾಗಲ ಮುಚ್ತು. ಆನಿ ಜಿ4ಕ್ಕ ಬಂದು ಡಿ4 ಪ್ಯಾದಾದ ಕಾವಲಿಗಿ ನಿಂತು. ಇಲ್ಲಿ ಕ್ರಾಮ್ನಿಕ್ ಬೆಂಕಿ ಹಚ್ಚಿದ್ರು. ಒಂಟಿ ಎಫ್4ಕ್ಕ ಬಲಿ, ಕುದುರಿ ಡಿ4 ಪ್ಯಾದಾ ತಿಂದು ಮುಂದ ಇ6ರಾಗ ಬಲಿ, ಆಮ್ಯಾಲ ಆನಿ ಬಂದು ಕಟ್ಟಿಬಿದ್ದ ಕುದುರೀನ್ನ ತಿಂತು. ನೋಡ್ಲಿಕ್ಕ ಬಿಳಿ ಮನಿ ಪೂರಾ ಸುಟ್ಟುಕೊಂಡಂಗ ಕಾಣ್ತದ, ಆದ್ರ ಕೊಟ್ಟದ್ದೆಲ್ಲ ವಾಪಸ್ ಬರ್ತದ. 24ನೇ ನಡಿಗಿ ಲೆಕ್ಕಾ ಹಾಕ್ರಿ.

ಕಾಕಾ: ಇಬ್ಬರಿಗೂ ವಜೀರ ಅದ. ಒಂದೊಂದು ಆನಿ, ಒಂದೊಂದು ಒಂಟಿ. ಪ್ಯಾದಾ ಬಿಳಿಗಿ ಐದು, ಕರೀಗಿ ಮೂರು. ಅದರಾಗ ಎಡಗಡಿ ಎರಡು ಪ್ಯಾದಾಕ್ಕ ಎದುರಿಗಿ ಯಾರೂ ಇಲ್ಲ, ನೆಟ್ಟಗ ನಡೆದು ಹೋಗ್ಬಹುದು. ಅವ್ವಾ, ಇದು ಬಿಳಿ ಆಟ. ನಮ್ಮ ಕಟ್ಟಿ ಮ್ಯಾಲ ಯಾರನ್ನ ಕೇಳಿದ್ರೂ ಇದನ್ನೇ ಹೇಳ್ತಾರ.

ಮಗಳು: ಪ್ಯಾದಾ ಲೆಕ್ಕಾ ಹಿಡಿದ್ರ ಹೌದು. 25ನೇ ನಡಿ ನೋಡ್ರಿ. ಬಿಳಿ ವಜೀರ ಮತ್ತ ಇ2ಕ್ಕ ಬಂದ. ಕರೀ ರಾಜ ಜಿ7ರಾಗ ಇದ್ದ. ಆನಂದ್ ಅವನನ್ನ ಎಚ್6ಕ್ಕ ನಡಿಸಿದ್ರು.

ಕಾಕಾ: ಮುಂದಕ? ಎದುರಿಗಿ ವಜೀರ ಇರೋವಾಗ ರಾಜನ್ನ ಮುಂದ ನೂಕ್ತಾರೇನು?

ಮಗಳು: ಆನಿಗಿ ದಾರಿ ಬಿಡ್ಲಿಕ್ಕ. ಮುಂದಿನ ನಡಿಗೇ ಆನಿ ಜಿ8ಕ್ಕ ಬಂತು. ಇಡೀ ಆಟದಾಗ ನನಗ ಭಾಳ ಸೇರೋ ನಡಿ ಇದೇ. ಶಹ ಇಲ್ಲ, ಹೊಡೆತ ಇಲ್ಲ. ಎರಡು ಪ್ಯಾದಾ ಕಮ್ಮಿ ಇದ್ದಾಗ, ಎದುರಿನವ ಮುಂದ ಓಡೋ ಹೊತ್ತಿನ್ಯಾಗ, ಒಂದು ನಡಿ ಪೂರಾ ರಾಜನ ಹೆಜ್ಜೀಗಿ ಖರ್ಚು ಮಾಡ್ಬೇಕಂದ್ರ ಬೋರ್ಡು ಪೂರಾ ಕಂಡಿರಬೇಕು. ಅಲ್ಲಿಂದ ಬಿಳಿ ರಾಜ ಓಡ್ಲಿಕ್ಕ ಶುರು ಮಾಡ್ದ. ಎಫ್, ಇ, ಡಿ, ಸಿ, ಬಿ, ಎ. ಕೋಟೆ ಕಟ್ಟಿದ ರಾಜ ಬೋರ್ಡಿನ ಒಂದು ಕಡಿಯಿಂದ ಇನ್ನೊಂದು ಮೂಲೀತನಕ ಅಲೆದ. ಕಟ್ಟದ ರಾಜ ಎಚ್6ರಾಗೇ ನಿಂತ, ಮತ್ತ ಒಂದು ಹೆಜ್ಜಿನೂ ಇಡ್ಲಿಲ್ಲ.

ಕಾಕಾ: ಎಷ್ಟು ನಡಿಗಿ ಮುಗೀತು?

ಮಗಳು: 41. ನಡುವ 33ನೇ ನಡಿಯಾಗ ಆನಂದ್‌ನೂ ಒಂದು ತಪ್ಪಿದ್ರು. ಅಲ್ಲಿ ಒಂಟಿಯಿಂದ ಒಂಟಿ ಹೊಡೆದು ಶಹ ಕೊಟ್ಟಿದ್ರ ಕಥಿ ಅಲ್ಲೇ ಮುಗೀತಿತ್ತು. ಅವರು ಒಂಟೀನ್ನ ಎಚ್3ಕ್ಕ ಸರಿಸಿದ್ರು. ಗಡಿಯಾರ ಓಡ್ಲತಿತ್ತು. ಐದು ಮಂದಿ ಒಂದು ಯಂತ್ರ ಅಂದ್ರೆಲ್ಲ ನೀವು, ಅವರ್ಯಾರೂ ಆ ಹೊತ್ತಿನ್ಯಾಗ ಇದ್ದಿಲ್ಲ. ಮನಿಯಾಗ ನೋಡಿಟ್ಟದ್ದು ಎಂದೋ ಮುಗಿದಿತ್ತು.

ಕಾಕಾ: ಬಿಳಿ ಎಡಗಡಿ ಪ್ಯಾದಾ ಎಲ್ಲೀತನಕ ಹೋತು?

ಮಗಳು: ಎ7. ವಜೀರ ಆಗ್ಲಿಕ್ಕ ಒಂದೇ ಮನಿ ಉಳಿದಿತ್ತು. ಶಹದ ಮ್ಯಾಲ ಶಹ ಬೀಳ್ಲತಿದ್ರ ಆ ಒಂದು ನಡಿ ನಡಿಸ್ಲಿಕ್ಕ ಬಿಡುವೇ ಸಿಗಲಿಲ್ಲ.

ಕಾಕಾ: ನಮ್ಮ ನಿಯಮದಾಗ ಆ ಪ್ಯಾದಾ ವಜೀರ ಆಗ್ತಿದ್ದಿಲ್ಲ ತಿಳ್ಕೋ. ಯಾವ ಸಾಲಿನ್ಯಾಗ ಮುಟ್ತದೋ ಆ ಸಾಲಿನ ಕಾಯಿ ಆಗ್ತದ. ಎ ಸಾಲು ಆನಿ ಮನಿ, ಅಲ್ಲಿ ಮುಟ್ಟಿದ್ದು ಆನಿ ಆಗ್ತದ. ಅದಕ್ಕೇ ನಾವು ಪ್ಯಾದಾ ಓಡಸೋ ಮುಂಚೆ ಯಾವ ಸಾಲು ಅಂತ ನೋಡ್ತೀವಿ.

ಮಗಳು: ಹಂಗ ನೋಡೋ ಅಭ್ಯಾಸ ನನ್ನ ಮಕ್ಕಳಿಗಿ ಬೇಕಾಗ್ಯದ. ಪ್ಯಾದಾ ಮುಟ್ಟಿದ್ರ ವಜೀರೇ ಅಂತ ಕಣ್ಣುಮುಚ್ಚಿ ಓಡಸ್ತಾವ.

ಕಾಕಾ: ಒಂದು ಮಾತು ಕೇಳ್ತೀನಿ. ಆ ಕ್ರಾಮ್ನಿಕ್ ಮರುದಿನ ಆ ದಾರಿ ಬಿಟ್ಟಿರಬೇಕು. ನಾನಾದ್ರ ಬಿಡ್ತಿದ್ದೆ.

ಮಗಳು: ಬಿಡಲಿಲ್ಲ! ಅದೇ ಇದರಾಗ ದೊಡ್ಡ ಸಂಗತಿ. ಮೂರು ದಿನ ಬಿಟ್ಟು, ಅಕ್ಟೋಬರ್ 20ಕ್ಕ ಐದನೇ ಆಟ. ಅವರು ಮತ್ತ ಬಿಳಿ, ಮತ್ತ ಅದೇ ಮೆರಾನ್, ಅದೇ ಹದಿನಾಲ್ಕು ನಡಿ. ಬಿ5 ಪ್ಯಾದಾ ಮತ್ತ ತಿಂದ್ರು. ನನ್ನ ಕಾಯಿ ನಿಂತ ರೀತಿ ಸರಿ ಅದ, ಸೋತದ್ದು ಆಮ್ಯಾಲಿನ ನಡಿಯಿಂದ ಅಂತ ಅವರ ನಂಬಿಕಿ. ಆ ನಂಬಿಕೀಗಿ ನಾ ಕೈ ಮುಗೀತೀನಿ. ಸೋತ ದಾರೀಗಿ ಮೂರೇ ದಿನದಾಗ ಮತ್ತ ಕಾಲಿಡೋದು ಸಣ್ಣ ಮಾತಲ್ಲ.

ಕಾಕಾ: ಮತ್ತ ಆನಂದ?

ಮಗಳು: ಹದಿನೈದನೇ ನಡಿಯಾಗ ಒಂಟಿ ಬದಲಿ ಆನಿನ್ನ ಮೊದಲು ಜಿ8ಕ್ಕ ತಂದ್ರು. ಬದಲಾಗಿದ್ದು ಅಷ್ಟೇ. ಕ್ರಾಮ್ನಿಕ್ ತಂಡ ಮೂರು ದಿನ ನಿದ್ದಿಗೆಟ್ಟು ಯಾವ ರಸ್ತಾಕ್ಕ ದೀಪ ಹಚ್ಚಿತ್ತೋ, ಇವರು ಅದರ ಬಾಜೂದ ಓಣ್ಯಾಗ ತಿರುಗಿದ್ರು. 29ನೇ ನಡಿತನಕ ಜಗಳ ಸಮಬಲದಾಗೇ ನಡೀತು. ಅಲ್ಲಿ ಕ್ರಾಮ್ನಿಕ್ ಕುದುರಿಯಿಂದ ಡಿ4 ಪ್ಯಾದಾ ತಿಂದ್ರು. ಅವರ ಲೆಕ್ಕದಾಗ ಎರಡೂ ವಜೀರ ಹೋಗ್ತಾವ, ಕಳಕೊಂಡದ್ದು ಬಿ7ರ ಒಂಟಿ ಹೊಡೆದು ವಾಪಸ್ ಬರ್ತದ, ಒಂದು ಪ್ಯಾದಾ ಉಳೀತದ. ಲೆಕ್ಕಾ ಸರಿ ಇತ್ತು, ಒಂದು ನಡಿ ಕಮ್ಮಿ ಇತ್ತು. ನಾ ಕಾಯಿ ಇಡ್ತೀನಿ, ನೀವೇ ಹುಡುಕ್ರಿ. ಬಿಳಿ ರಾಜ ಜಿ1, ಬಿಳಿ ಒಂಟಿ ಎಫ್1ರಾಗ. ಕರೀ ಆನಿ ಸಿ1ರಾಗ ನಿಂತು ಆ ಒಂಟೀನ್ನ ರಾಜನ ಮುಂದ ಕಟ್ಟಿಹಾಕ್ಯದ. ಕರೀ ಕುದುರಿ ಜಿ4ರಾಗ, ಕರೀ ಪ್ಯಾದಾ ಎಫ್4ರಾಗ. ಬಿಳಿ ಪ್ಯಾದಾ ಎಫ್2ರಾಗ. 34ನೇ ನಡಿ, ಕರೀ ಆಡಬೇಕು.

ಕಾಕಾ: ... ಕುದುರಿ ಎಫ್2 ಪ್ಯಾದಾ ತಿಂದ್ರ ರಾಜ ತಿಂತಾನ. ಪ್ಯಾದಾ ಮುಂದ ಹಾಕಿದ್ರ ಹೊತ್ತಾಗ್ತದ. ಕುದುರಿ ಇ3ಕ್ಕ ಹೋದ್ರ? ಎಫ್ ಪ್ಯಾದಾ ತಿಂತದ. ತಿನ್ಲಿ. ನಮ್ಮ ಎಫ್4 ಪ್ಯಾದಾ ಅದನ್ನ ತಿಂದು ಇ3ಕ್ಕ ಬರ್ತದ. ಅಲ್ಲಿಂದ ಇ2, ಇ2ದಿಂದ ಆ ಒಂಟಿ... ಯಪ್ಪಾ! ಒಂಟಿ ಕಟ್ಟಿಬಿದ್ದದ, ರಾಜ ಇ ಸಾಲೀಗಿ ಬರ್ಲಿಕ್ಕ ಆಗಂಗಿಲ್ಲ. ತಡೆಯೋರೇ ಇಲ್ಲ!

ಮಗಳು: ಆ ಇ3 ಕುದುರಿನೇ ಕ್ರಾಮ್ನಿಕ್‌ಗ ಕಾಣ್ಲಿಲ್ಲ. 35ನೇ ನಡಿಗಿ ಆನಂದ್ ಗೆದ್ರು. ಮರುದಿನ ಆರನೇ ಆಟನೂ ಗೆದ್ರು. ಕಡೀಗಿ ಅಕ್ಟೋಬರ್ 29ಕ್ಕ 6.5–4.5 ಅಂತ ಪಟ್ಟ ಉಳಿಸಿಕೊಂಡ್ರು. ನೀವು ಈಗ ಹುಡುಕಿದ ನಡಿ ಯಾವ ಪುಸ್ತಕ ಓದಿ ಹುಡುಕಿದ್ರಿ ಕಾಕಾ?

ಕಾಕಾ: ಪುಸ್ತಕ ಎಲ್ಲಿದವ್ವಾ. ಪ್ಯಾದಾ ಎತ್ತ ಓಡ್ತದ ಅಂತ ನೋಡಿದೆ, ಅಷ್ಟೇ.

ಮಗಳು: ಅದಕ್ಕೇ ನಾ ಗ್ರ್ಯೂನ್‌ಫೆಲ್ಡ್ ಹೆಸರು ನೆನಪಿಡ್ರಿ ಅಂದಿದ್ದೆ. ಅವನ ಹೆಸರಿಂದ ಒಂದು ಡಿಫೆನ್ಸ್ ಅದ, 1922ರಾಗ ಅವ ಆಡಿ ಹೆಸರು ಬಂತು. ಕರೀ ಮೊದಲು ಕುದುರಿ ತಂದು, ಜಿ ಪ್ಯಾದಾ ಒಂದೇ ಮನಿ ನಡೆಸಿ, ಒಂಟೀನ್ನ ಜಿ7ರ ಮೂಲ್ಯಾಗ ಕೂಡಸ್ತದ. ಆದ್ರ 1855ರಾಗೇ ಕೋಲ್ಕತಾದಾಗ ಮಹೇಶಚಂದ್ರ ಬ್ಯಾನರ್ಜಿ ಅಂಬವರು ಅದನ್ನ ಆಡಿದ್ರು. ಹಳ್ಳಿಗಾಡಿನಿಂದ ಬಂದ ಆಟಗಾರ. ಎದುರಿಗಿ ಜಾನ್ ಕೊಕ್ರೇನ್ ಅಂತ ಸ್ಕಾಟ್ಲೆಂಡಿನ ವಕೀಲ. ಇಬ್ಬರೂ ನೂರಾರು ಆಟ ಆಡ್ಯಾರ, ಕೊಕ್ರೇನ್ ಬರೆದಿಟ್ಟದ್ದರಿಂದ ಉಳಿದಾವ. ಪ್ಯಾದಾ ಒಂದೊಂದೇ ಮನಿ ನಡೆಸೋ ನಿಮ್ಮ ಪದ್ಧತ್ಯಾಗ ಬೆಳೆದವರಿಗಿ ಜಿ6, ಬಿ6 ಅಂತ ಪ್ಯಾದಾ ಇಟ್ಟು ಒಂಟಿ ಮೂಲ್ಯಾಗ ಇಡೋದು ಸಹಜ. ಅದನ್ನೇ ಜಗತ್ತು ಇಂಡಿಯನ್ ಡಿಫೆನ್ಸ್ ಅಂತ ಕರೀತದ. ಆ 1855ರ ಆಟ ಅವರು ಸೋತ್ರು. ಆದ್ರ ಇವತ್ತು ಚಾಂಪಿಯನ್ನರು ಆ ದಾರಿ ತುಳೀತಾರ.

ಕಾಕಾ: ನಮ್ಮಂಥವರ ಆಟ.

ಮಗಳು: ನಿಮ್ಮಂಥವರದೇ. ಮೀರ್ ಸುಲ್ತಾನ್ ಖಾನ್‌ನೂ ಪಂಜಾಬಿನ ಹಳ್ಳ್ಯಾಗ ದೇಸಿ ನಿಯಮ ಕಲಿತವ. ಇಂಗ್ಲೆಂಡಿಗಿ ಹೋಗಿ 1929, 1932, 1933, ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದ. ಕಾಪಾಬ್ಲಾಂಕನ್ನೇ ಸೋಲಿಸ್ದ. ಅವನಿಗಿ ಕಮ್ಮಿ ಬಿದ್ದದ್ದು ಒಂದೇ, ಶುರುವಿನ ನಡಿಗಳ ಓದು. ನಡುವಿನ ಆಟ, ಕಡೀ ಆಟದಾಗ ಯಾರಿಗೂ ಸೋಲ್ತಿದ್ದಿಲ್ಲ ಅನ್ನೋವಷ್ಟು ಬಲ ಇತ್ತು. ಶುರುವಿನ್ಯಾಗ ಪೆಟ್ಟು ತಿಂದು ಆಮ್ಯಾಲ ಎದ್ದು ನಿಲ್ಲಬೇಕಾಗ್ತಿತ್ತು. ನಮ್ಮ ಹುಡುಗರು ಹಂಗ ಮೊದಲೇ ಪೆಟ್ಟು ತಿನ್ನಬಾರದು ಅಂತ ನನ್ನ ಹಟ. ಆನಂದ್ 1988ರಾಗ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ್ರು. ಕರ್ನಾಟಕಕ್ಕ ಮೊದಲನೇ ಗ್ರ್ಯಾಂಡ್‌ಮಾಸ್ಟರ್ ಬಂದದ್ದು 2017ರಾಗ, ಮೈಸೂರಿನ ಎಂ. ಎಸ್. ತೇಜ್‌ಕುಮಾರ್. ನಡುವ 29 ವರ್ಷ. ತೆಲಿ ಕಮ್ಮಿ ಇದ್ದು ತಡ ಆಗಿಲ್ಲ ಕಾಕಾ. ಜೋಡಿ ಕೂತು ನೋಡೋರು, ಪುಸ್ತಕ, ಟೂರ್ನಿ, ಇವು ಕಮ್ಮಿ ಇದ್ದವು. ಈಗ ಆ ಐದು ಮಂದಿ ಜೋಡಿ ಇದ್ದ ಯಂತ್ರಕ್ಕಿಂತ ಬಲದ್ದು ನಮ್ಮ ಹುಡುಗರ ಮೊಬೈಲಿನ್ಯಾಗ ಅದ.

ಕಾಕಾ: ಮೊಬೈಲ್ ನಡಿ ಹೇಳ್ತದ, ಯಾಕಂತ ಹೇಳಂಗಿಲ್ಲ. ನನ್ನ ಮಾತು ಕೇಳು. ನೀ ಮೊದಲು ಕಡೀ ಆಟ ಕಲಿಸು. ರಾಜ ಒಂದು, ಪ್ಯಾದಾ ಒಂದು, ಅಷ್ಟೇ ಇಟ್ಟು ಕಲಿಸು. ಬೋರ್ಡು ಖಾಲಿ ಇದ್ದಾಗ ಒಂದೊಂದು ಕಾಯಿ ಕಸುವು ತಿಳೀತದ. ನಾ ಇ3 ಕುದುರಿ ಹುಡುಕಿದ್ದು ಅದರಿಂದ.

ಮಗಳು: ಕಡೀ ಆಟ ಕಲಿಸ್ತೀನಿ, ಅದಕ್ಕ ನನ್ನ ತಕರಾರಿಲ್ಲ. ಆದ್ರ ಅದೊಂದೇ ಕಲಿಸಿದ್ರ ಹುಡುಗರು ಕಡೀತನಕ ಹೋಗೋದೇ ಇಲ್ಲ. ಕಲಬುರಗಿಗೋ ಬೆಂಗಳೂರಿಗೋ ಟೂರ್ನಿಗಿ ಹೋದ್ರ ಹದಿನೈದು ನಡಿಯಾಗ ಮಾತ್ ಆಗಿ ಮನಿಗಿ ಬರ್ತಾವ. ಆಮ್ಯಾಲ ಬೋರ್ಡು ಮುಟ್ಟಂಗಿಲ್ಲ. ಒಂದೇ ಒಂದು ಬಿರುಸಿನ ದಾರಿ ಬುಡದಿಂದ ತಿಳಿದ್ರ, ಎದುರಿನವನ ಕಣ್ಣಾಗ ಕಣ್ಣಿಟ್ಟು ಕೂಡ್ತಾವ. ಆ ಕೂಡೋ ರೀತಿ ನನಗ ಬೇಕು.

ಕಾಕಾ: ಪ್ಯಾದಾ ಕೊಟ್ಟು ರಾಜನ್ನ ಬಯಲಾಗ ನಿಲ್ಲಿಸೋದು ಹತ್ತು ವರ್ಷದ ಕೂಸಿಗಿ ಹ್ಯಾಂಗ ತಿಳೀತದ?

ಮಗಳು: ಹೇಳಿ ತಿಳಿಸಂಗಿಲ್ಲ. ಹದಿನಾಲ್ಕನೇ ನಡಿತನಕ ಕಾಯಿ ಇಟ್ಟು ಬಿಟ್ಟುಬಿಡ್ತೀನಿ. ಅರ್ಧ ಮಂದಿಗಿ ಬಿಳಿ, ಅರ್ಧ ಮಂದಿಗಿ ಕರೀ. ಆಡ್ಲಿ, ಸೋಲ್ಲಿ. ಮತ್ತ ಬದಲಿ ಮಾಡಿ ಆಡ್ಲಿ. ಮಾತ್ ಆದ ಮ್ಯಾಲೇ ಆನಂದ್ ಏನು ಆಡಿದ್ರು ಅಂತ ತೋರಸ್ತೀನಿ. ಆಗ ಎಚ್6 ನೋಡಿದ್ರ ಬಾಯಿ ಬಿಡ್ತಾವ. ಮೊದಲೇ ತೋರಿಸಿದ್ರ ಬರೇ ಬರೆದುಕೋತಾವ.

ಕಾಕಾ: ಹಂಗಾದ್ರ ಬಾಯಿಪಾಠ ಅಲ್ಲ ಅದು. ಮೊದಲೇ ಹಿಂಗ ಹೇಳಬೇಕಿಲ್ಲ.

ಮಗಳು: ಐತವಾರ ನೀವೂ ಬರ್ರಿ. ಮಕ್ಕಳ ಎದುರು ಕೂಡ್ರಿ.

ಕಾಕಾ: ಪ್ಯಾದಾ ಎರಡು ಮನಿ ಜಿಗಿಯೋದು ನನಗ ಕೈಗಿ ಹತ್ತಿಲ್ಲ, ನಡುವ ಮರೀತೀನಿ.

ಮಗಳು: ಹದಿನಾಲ್ಕನೇ ನಡಿ ಮ್ಯಾಲ ನಡು ಬಯಲಾಗ ಜಿಗಿಯೋ ಪ್ಯಾದಾ ಉಳಿದಿರಂಗಿಲ್ಲ.

ಕಾಕಾ: ಹೌದಲ್ಲ. ಸರಿ, ಬರ್ತೀನಿ. ನಾ ಬಿಳಿ ತಗೋತೀನಿ. ಎಡಗಡಿ ಆ ಪ್ಯಾದಾ ಕ್ರಾಮ್ನಿಕ್ ಓಡಿಸಿದ್ದು ತಡ ಆತು ಅಂತ ನನಗ ಅನಸ್ಲತದ. 24ನೇ ನಡಿಗಿ ಮತ್ತ ಕಾಯಿ ಇಡು, ನಾ ವಜೀರನ್ನ ಇ2ಕ್ಕ ಒಯ್ಯಂಗಿಲ್ಲ.